ಸೀಲ್ ಕಿಟ್ ತರಿಸುವ ಮೊದಲು ವಾಲ್ವಿನ ನಡುಮನೆ ನೋಡಿ

ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ 25 ಟನ್ನಿನ ಹೈಡ್ರಾಲಿಕ್ ಪ್ರೆಸ್ ಇದೆ. ಅದರ ರಾಮನ್ನು, ಅಂದರೆ ಇಳಿದು ಬಂದು ಒತ್ತುವ ಭಾಗವನ್ನು, ಮೇಲೆ ನಿಲ್ಲಿಸಿದರೆ ನಿಲ್ಲುತ್ತಿರಲಿಲ್ಲ. ಹತ್ತು ನಿಮಿಷಕ್ಕೆ ಸುಮಾರು 20 ಮಿ.ಮೀ. ಕೆಳಗೆ ಜಾರುತ್ತಿತ್ತು. ಕೆಳಗಿರುವುದು ಡೈ, ಅಂದರೆ ಪೀಸಿಗೆ ಆಕಾರ ಕೊಡುವ ಅಚ್ಚು. ಆ ಡೈಯೊಳಗೆ ಕೈ ಹಾಕಿ ಪೀಸ್ ಇಡುವವರು ಮನುಷ್ಯರು. ಹಾಗಾಗಿ 20 ಮಿ.ಮೀ. ಸಣ್ಣ ವಿಷಯವಲ್ಲ.

ನಾನು ಹೋಗುವ ಹೊತ್ತಿಗೆ ಸಿಲಿಂಡರನ್ನು ಎರಡು ಸಲ ಇಳಿಸಿ ಸೀಲ್ ಕಿಟ್ (ಎಣ್ಣೆ ಸೋರದಂತೆ ತಡೆಯುವ ಬಳೆಗಳ ಸೆಟ್) ಬದಲಾಯಿಸಿದ್ದರು. ಪೈಲಟ್ ಚೆಕ್ ವಾಲ್ವನ್ನೂ ಹೊಸದು ಹಾಕಿದ್ದರು. ಎಣ್ಣೆಯನ್ನು ಒಂದೇ ಕಡೆಗೆ ಬಿಡುವ, ಇನ್ನೊಂದು ಲೈನಿನ ಒತ್ತಡ ಬಂದು ಎತ್ತಿದರೆ ಮಾತ್ರ ಹಿಂದಕ್ಕೂ ಬಿಡುವ ವಾಲ್ವ್ ಅದು. ಆದರೂ ಜಾರುವುದು ನಿಂತಿರಲಿಲ್ಲ. ಪ್ಯಾನೆಲ್ ಬಾಗಿಲಿನ ಒಳಬದಿಯ ಜೇಬಿನಲ್ಲಿ ಸರ್ಕ್ಯೂಟ್ ಡ್ರಾಯಿಂಗ್ ಇತ್ತು. ಮಡಿಕೆ ಬಿಚ್ಚಿರಲಿಲ್ಲ, ಒಂದು ಎಣ್ಣೆ ಬೆರಳಿನ ಗುರುತೂ ಇರಲಿಲ್ಲ.

ಅಲ್ಲಿನ ಫಿಟ್ಟರ್ ಹುಡುಗನ ಕೈಕೆಲಸ ತುಂಬಾ ಚೆನ್ನಾಗಿದೆ. ಡ್ರಾಯಿಂಗ್ ಯಾಕೆ ನೋಡಲಿಲ್ಲ ಅಂತ ಕೇಳಿದೆ. "ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಮೆಷಿನ್ ಮೇಲೇ ಕಾಣುತ್ತಲ್ವಾ ಸರ್? ಆ ಚೌಕ, ಬಾಣ ಎಲ್ಲ ಡಿಸೈನ್‌ನವರಿಗೆ" ಅಂದ.

ಪೈಪು ಕಾಣುತ್ತದೆ, ನಿಜ. ಆದರೆ ವಾಲ್ವಿನ ಹೊಟ್ಟೆಯೊಳಗೆ ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಅನ್ನುವುದು ಹೊರಗಿನಿಂದ ಕಾಣುವುದಿಲ್ಲ. ಅದನ್ನು ಹೇಳುವುದು ಚಿಹ್ನೆ ಮಾತ್ರ. ಈ ಪ್ರೆಸ್ಸಿನ ದೋಷವೂ ಅಲ್ಲೇ ಇತ್ತು. ಅದನ್ನು ಹಿಡಿಯಬೇಕಾದರೆ ಚಿಹ್ನೆ ಓದಲು ಬರಬೇಕು. ಅದನ್ನು ಮೊದಲು ಹೇಳಿ, ಆಮೇಲೆ ಪ್ರೆಸ್ಸಿಗೆ ಬರುತ್ತೇನೆ.

ಒಂದು ಚೌಕ, ಒಂದು ಸ್ಥಿತಿ

ಚೌಕಾಬಾರದ ಪಟದಲ್ಲಿ ಚೌಕಕ್ಕೆ ಮನೆ ಅನ್ನುತ್ತೇವೆ. ವಾಲ್ವಿನ ಚಿಹ್ನೆಯಲ್ಲೂ ಹಾಗೇ ಅಂದುಕೊಳ್ಳಿ. ಒಂದಕ್ಕೊಂದು ಅಂಟಿಕೊಂಡ ಎರಡು ಮನೆ ಇದ್ದರೆ ಆ ವಾಲ್ವಿಗೆ ಎರಡು ಸ್ಥಿತಿ, ಮೂರು ಮನೆ ಇದ್ದರೆ ಮೂರು ಸ್ಥಿತಿ. ಎಷ್ಟು ಮನೆ ಇದ್ದರೂ ವಾಲ್ವ್ ಒಂದೇ. ಮೂರು ಮನೆ ನೋಡಿ ಮೂರು ವಾಲ್ವ್ ಅಂದುಕೊಂಡವರನ್ನು ನಾನು ನೋಡಿದ್ದೇನೆ.

ಪೋರ್ಟ್ (ಪೈಪ್ ಕೂಡುವ ಬಾಯಿ) ಎಷ್ಟು ಅಂತ ತಿಳಿಯಲು ಒಂದೇ ಮನೆಯ ಅಂಚಿನಲ್ಲಿ ಗೆರೆ ತಾಗುವ ಜಾಗಗಳನ್ನು ಎಣಿಸಿ. ಎಲ್ಲ ಮನೆಗಳದ್ದನ್ನೂ ಕೂಡಿಸಬೇಡಿ. 5/2 ಅಂದರೆ ಐದು ಪೋರ್ಟ್, ಎರಡು ಸ್ಥಿತಿ. 4/3 ಅಂದರೆ ನಾಲ್ಕು ಪೋರ್ಟ್, ಮೂರು ಸ್ಥಿತಿ. ಮನೆಯೊಳಗಿನ ಬಾಣ ಹರಿಯುವ ದಾರಿ. ಇಂಗ್ಲಿಷ್ ಟಿ ಅಕ್ಷರದ ಹಾಗೆ ಅಡ್ಡಗೆರೆ ಬಿದ್ದಿದ್ದರೆ ಆ ಪೋರ್ಟ್ ಅಲ್ಲಿ ಬಂದ್.

ಹೊರಗಿನ ಪೈಪ್ ಗೆರೆಗಳು ಒಂದೇ ಮನೆಗೆ ತಾಗಿರುತ್ತವೆ. ಯಾರೂ ಬಟನ್ ಒತ್ತದಿದ್ದಾಗ, ಕಾಯಿಲ್‌ಗೆ (ಕರೆಂಟ್ ಬಂದಾಗ ವಾಲ್ವನ್ನು ತಳ್ಳುವ ಸುರುಳಿಗೆ) ಕರೆಂಟ್ ಇಲ್ಲದಿದ್ದಾಗ ವಾಲ್ವ್ ನಿಲ್ಲುವ ಮನೆ ಅದು. ಒಂದು ಕಡೆ ಸ್ಪ್ರಿಂಗ್ ಇರುವ ಎರಡು ಮನೆಯ ವಾಲ್ವಿನಲ್ಲಿ ಅದು ಸ್ಪ್ರಿಂಗ್ ಪಕ್ಕದ ಮನೆ. ಎರಡೂ ಕಡೆ ಸ್ಪ್ರಿಂಗ್ ಇರುವ ಮೂರು ಮನೆಯದ್ದರಲ್ಲಿ ನಡುವಿನದ್ದು. ನಾನು ಅದಕ್ಕೆ ನಡುಮನೆ ಅಂತಲೇ ಹೇಳುತ್ತೇನೆ.

ಮನೆಗಳ ಎರಡು ತುದಿಯಲ್ಲಿ ವಾಲ್ವನ್ನು ಯಾರು ತಳ್ಳುತ್ತಾರೆ ಅಂತ ಬರೆದಿರುತ್ತದೆ. ಅಂಕುಡೊಂಕು ಗೆರೆ ಸ್ಪ್ರಿಂಗ್. ಓರೆಗೆರೆ ಇರುವ ಸಣ್ಣ ಪೆಟ್ಟಿಗೆ ಕಾಯಿಲ್. ಪುಟ್ಟ ತ್ರಿಕೋನ ಇದ್ದರೆ ಗಾಳಿ ಅಥವಾ ಎಣ್ಣೆಯ ಒತ್ತಡ ತಳ್ಳುತ್ತದೆ ಅಂತ ಅರ್ಥ. ತುಂಬಿದ ತ್ರಿಕೋನ ಎಣ್ಣೆಗೆ, ಖಾಲಿ ತ್ರಿಕೋನ ಗಾಳಿಗೆ. ಯಾವ ತುದಿಯ ಕೈ ಒತ್ತುತ್ತದೋ ಅದರ ಪಕ್ಕದ ಮನೆ ಪೈಪ್ ಗೆರೆಗಳ ಕೆಳಗೆ ಜಾರಿ ಬರುತ್ತದೆ. ಪೈಪ್ ಇದ್ದಲ್ಲೇ ಇರುತ್ತದೆ, ಮನೆ ಮಾತ್ರ ಸರಿಯುತ್ತದೆ.

ಇದು ತಲೆಯಲ್ಲಿ ಕೂರದಿದ್ದರೆ ಸುಲಭದ ದಾರಿ ಇದೆ. ಹಳೆಯ ಮದುವೆ ಕಾರ್ಡಿನ ಹಿಂಬದಿಯಲ್ಲಿ ಒಂದು ಪಟ್ಟಿ ಕತ್ತರಿಸಿ. ಡ್ರಾಯಿಂಗ್‌ನಲ್ಲಿರುವ ಮೂರು ಮನೆಯನ್ನು ಅದೇ ಅಳತೆಗೆ ಅದರ ಮೇಲೆ ಬರೆಯಿರಿ. ಪಟ್ಟಿಯನ್ನು ಡ್ರಾಯಿಂಗ್‌ನ ವಾಲ್ವಿನ ಮೇಲೆ ಇಟ್ಟು ಎಡಕ್ಕೆ ಬಲಕ್ಕೆ ಸರಿಸಿ. ಪಿ ಯಿಂದ ಎ ಗೆ ಬಾಣ ಕೂಡುವುದು, ಬಿ ಯಿಂದ ಟಿ ಗೆ ದಾರಿ ತೆರೆಯುವುದು ಕಣ್ಣೆದುರಿಗೇ ಕಾಣುತ್ತದೆ (ಈ ಅಕ್ಷರಗಳ ಅರ್ಥ ಈಗಲೇ ಹೇಳುತ್ತೇನೆ). ಆ ಫಿಟ್ಟರ್ ಹುಡುಗನಿಗೂ ಇದನ್ನೇ ಮಾಡಿಸಿದೆ. ಮೂರನೇ ಸಲ ಸರಿಸುವಾಗ ಅವನೇ ಬಾಯಿಬಿಟ್ಟು ದಾರಿ ಹೇಳತೊಡಗಿದ.

ಹೈಡ್ರಾಲಿಕ್‌ನಲ್ಲಿ ಪೋರ್ಟ್‌ಗಳಿಗೆ ಅಕ್ಷರ. ಪಿ ಪಂಪಿನಿಂದ ಬರುವುದು, ಟಿ ಟ್ಯಾಂಕಿಗೆ ಹೋಗುವುದು, ಎ ಮತ್ತು ಬಿ ಸಿಲಿಂಡರಿಗೆ. ಎಕ್ಸ್ ಪೈಲಟ್ ಒತ್ತಡ (ವಾಲ್ವನ್ನು ತಳ್ಳಲು ಬರುವ ಸಿಗ್ನಲ್), ವೈ ಡ್ರೈನ್ (ಒಳಗೆ ಜಿನುಗಿದ ಎಣ್ಣೆ ಹೊರಗೆ ಹೋಗುವ ದಾರಿ). ಗಾಳಿಯಲ್ಲಿ ಅಂಕಿ. 1 ಸಪ್ಲೈ, 2 ಮತ್ತು 4 ಸಿಲಿಂಡರಿಗೆ, 3 ಮತ್ತು 5 ಗಾಳಿ ಹೊರಬಿಡಲು. ಪೈಲಟ್ ಕಡೆ 14 ಅಂತ ಇದ್ದರೆ ಅದನ್ನು ಹದಿನಾಲ್ಕು ಅಂತ ಓದಬೇಡಿ, ಒಂದು-ನಾಲ್ಕು ಅಂತ ಓದಿ. ಆ ಸಿಗ್ನಲ್ ಬಂದರೆ 1 ಹೋಗಿ 4 ಕ್ಕೆ ಕೂಡುತ್ತದೆ. 12 ಬಂದರೆ 1 ಮತ್ತು 2 ಕೂಡುತ್ತವೆ. ಎಷ್ಟೋ ವರ್ಷ ಕೆಲಸ ಮಾಡಿದವರಿಗೂ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಗೆರೆಗಳಲ್ಲಿ ಮೂರು ಬಗೆ ಗುರುತಿಟ್ಟುಕೊಳ್ಳಿ. ಕಡಿಯದ ಗೆರೆ ಕೆಲಸದ ಲೈನ್. ತುಂಡುಗೆರೆ ಪೈಲಟ್ ಅಥವಾ ಡ್ರೈನ್. ಗೆರೆ-ಚುಕ್ಕೆ-ಗೆರೆಯ ಚೌಕಟ್ಟು ಇದ್ದರೆ ಅದರೊಳಗಿನದ್ದೆಲ್ಲ ಒಂದೇ ಬ್ಲಾಕಿನಲ್ಲಿದೆ ಅಂತ ಅರ್ಥ. ಇದೆಲ್ಲ ಐಎಸ್‌ಒ 1219 ಪ್ರಕಾರ. ಅದರ ಮೊದಲ ಭಾಗ ಚಿಹ್ನೆಗಳಿಗೆ, ಎರಡನೆಯದು ಸರ್ಕ್ಯೂಟ್ ಬರೆಯುವ ಕ್ರಮಕ್ಕೆ. ಮೆಷಿನ್ ಜಪಾನಿನದ್ದಾದರೂ ಜರ್ಮನಿಯದ್ದಾದರೂ ಬೆಳಗಾವಿಯದ್ದಾದರೂ ಚಿಹ್ನೆಯ ಭಾಷೆ ಒಂದೇ. ದೋಷ ಹುಡುಕುವವರಿಗೆ ತುಂಡುಗೆರೆಯೇ ಮುಖ್ಯ. ದಪ್ಪ ಪೈಪಿನ ತೊಂದರೆ ಯಾರ ಕಣ್ಣಿಗಾದರೂ ಬೀಳುತ್ತದೆ. ಸಣ್ಣ ಪೈಲಟ್ ಲೈನಿನದ್ದು ಬೀಳುವುದಿಲ್ಲ.

ನಾಲ್ಕು ಬಗೆಯ ನಡುಮನೆ

4/3 ವಾಲ್ವಿನ ಎಡ ಬಲ ಮನೆಗಳು ಸಾಮಾನ್ಯವಾಗಿ ಒಂದೇ ಥರ. ಒಂದರಲ್ಲಿ ಪಿ-ಎ, ಬಿ-ಟಿ. ಇನ್ನೊಂದರಲ್ಲಿ ಪಿ-ಬಿ, ಎ-ಟಿ. ವ್ಯತ್ಯಾಸ ಇರುವುದು ನಡುಮನೆಯಲ್ಲಿ.

ನಾಲ್ಕೂ ಪೋರ್ಟ್ ಬಂದ್ ಇದ್ದರೆ ಕ್ಲೋಸ್ಡ್ ಸೆಂಟರ್. ನಾಲ್ಕೂ ಒಂದಕ್ಕೊಂದು ಕೂಡಿದ್ದರೆ ಓಪನ್ ಸೆಂಟರ್. ಪಿ ಮತ್ತು ಟಿ ಕೂಡಿ, ಎ ಬಿ ಬಂದ್ ಇದ್ದರೆ ಟ್ಯಾಂಡೆಮ್. ಪಿ ಮಾತ್ರ ಬಂದ್ ಆಗಿ ಎ, ಬಿ ಎರಡೂ ಟಿ ಗೆ ಕೂಡಿದ್ದರೆ ಫ್ಲೋಟ್ ಸೆಂಟರ್.

ಯುಕೆನ್ ಡಿಎಸ್‌ಜಿ ಸರಣಿಯ ಕೋಡಿನಲ್ಲಿ ಕ್ಲೋಸ್ಡ್ ಅಂದರೆ 3ಸಿ2, ಓಪನ್ 3ಸಿ3, ಫ್ಲೋಟ್ 3ಸಿ4, ಟ್ಯಾಂಡೆಮ್ 3ಸಿ60. ರೆಕ್ಸ್‌ರಾತ್‌ನಲ್ಲಿ ಅದೇ ಕ್ರಮದಲ್ಲಿ ಇ, ಎಚ್, ಜೆ, ಜಿ ಅಕ್ಷರಗಳು. ನಿಮ್ಮ ಸ್ಟೋರಿನಲ್ಲಿ ಯಾವ ಕಂಪನಿಯದ್ದು ಇದೆಯೋ ಅದರ ಕೋಡ್ ಬರೆದು ಗೋಡೆಗೆ ಅಂಟಿಸಿ. ಯಾಕೆ ಅಂದರೆ ಈ ನಾಲ್ಕೂ ವಾಲ್ವುಗಳು ಹೊರಗಿನಿಂದ ಒಂದೇ ಥರ. ಅದೇ ಅಳತೆ, ಅದೇ 24 ವೋಲ್ಟ್ ಕಾಯಿಲ್, ಅದೇ ನಾಲ್ಕು ಎಂ5 ಬೋಲ್ಟ್. ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತದೆ.

ಪ್ರೆಸ್ಸಿಗೆ ಬರೋಣ

ಏನನ್ನೂ ಬಿಚ್ಚುವ ಮೊದಲು ರಾಮ್ ಕೆಳಗೆ ಗಟ್ಟಿ ಆಸರೆ ಇಡಬೇಕು. ಮರದ ತುಂಡು ಬೇಡ, ಭಾರ ತಡೆಯುವ ಉಕ್ಕಿನ ಬ್ಲಾಕ್ ಇಡಿ. ಜಾರುವುದನ್ನು ಅಳೆಯಬೇಕಾಗಿದ್ದರಿಂದ ನಾವು ರಾಮಿಗೂ ಬ್ಲಾಕಿಗೂ ನಡುವೆ 50 ಮಿ.ಮೀ. ಮಾತ್ರ ಬಿಟ್ಟೆವು. ಅಳತೆ ಮಾಡುವಾಗ ಯಾರ ಕೈಯೂ ಆ ಸಂದಿಯ ಹತ್ತಿರ ಇರಲಿಲ್ಲ. ಇನ್ನೊಂದು ಮಾತು. ಎಣ್ಣೆ ಸೋರುತ್ತಿದೆಯಾ ಅಂತ ಪೈಪ್ ಮೇಲೆ ಬರಿಗೈ ಆಡಿಸಬೇಡಿ. ಒತ್ತಡದಲ್ಲಿ ಸಣ್ಣ ತೂತಿನಿಂದ ಬರುವ ಎಣ್ಣೆ ಸೂಜಿಯ ಹಾಗೆ ಚರ್ಮದೊಳಗೆ ಹೋಗುತ್ತದೆ. ನೋವು ಮೊದಲು ಕಡಿಮೆ ಇರುತ್ತದೆ, ಆಮೇಲೆ ಬೆರಳೇ ಹೋಗಬಹುದು. ಹಾಗೇನಾದರೂ ಆದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಡ್ರಾಯಿಂಗ್ ಬಿಡಿಸಿದೆವು. ಸಿಲಿಂಡರ್ ನೇರ ನಿಂತಿದೆ, ರಾಡ್ ಕೆಳಮುಖ. ಬೋರ್ (ಸಿಲಿಂಡರಿನ ಒಳ ಅಗಲ) 160 ಮಿ.ಮೀ., ರಾಡ್ 100 ಮಿ.ಮೀ. ರಾಮ್ ಮತ್ತು ಟೂಲ್ ಸೇರಿ ಸುಮಾರು 800 ಕಿಲೋ. ಆ ಭಾರ ಹೊತ್ತಿರುವುದು ರಾಡ್ ಕಡೆಯ ಎಣ್ಣೆ. ಆ ಎಣ್ಣೆ ವಾಪಸ್ ಬರುವ ಬಿ ಲೈನಿನಲ್ಲಿ ಪೈಲಟ್ ಚೆಕ್ ವಾಲ್ವ್ ಇದೆ. ಅದರ ಚಿಹ್ನೆ ಹೀಗಿರುತ್ತದೆ: ವಿ ಆಕಾರದ ಸೀಟಿಗೆ ಒತ್ತಿಕೊಂಡ ಒಂದು ಗುಂಡು, ಜೊತೆಗೆ ಆ ಗುಂಡನ್ನು ಎತ್ತಲು ಬರುವ ತುಂಡುಗೆರೆ. ಆ ತುಂಡುಗೆರೆ ಎಲ್ಲಿಂದ ಬಂದಿದೆ ಅಂತ ಬೆರಳಿಟ್ಟು ಹಿಂದಕ್ಕೆ ಹೋದೆವು. ಎ ಲೈನಿನಿಂದ ಬಂದಿತ್ತು. ಅಂದರೆ ಎ ಯಲ್ಲಿ ಒತ್ತಡ ಬಂದರೆ ಬಿ ಯ ಬಾಗಿಲು ತೆರೆಯುತ್ತದೆ. ರಾಮ್ ಇಳಿಸುವಾಗ ಅದು ಬೇಕು. ನಿಲ್ಲಿಸಿದಾಗ ಎ ಯಲ್ಲಿ ಒತ್ತಡ ಇರಲೇಬಾರದು.

ನಿಲ್ಲಿಸಿದಾಗ ಎ ಯ ಒತ್ತಡ ಎಲ್ಲಿ ಹೋಗಬೇಕು? ಉತ್ತರ 4/3 ವಾಲ್ವಿನ ನಡುಮನೆಯಲ್ಲಿದೆ. ಡ್ರಾಯಿಂಗ್‌ನಲ್ಲಿ ಎ ಮತ್ತು ಬಿ ಎರಡೂ ಟಿ ಗೆ ಕೂಡಿದ್ದವು. ಫ್ಲೋಟ್ ಸೆಂಟರ್. ಪೈಲಟ್ ಚೆಕ್ ವಾಲ್ವ್ ಇರುವ ಕಡೆ ಹೀಗೆ ಬರೆಯುವುದಕ್ಕೆ ಕಾರಣ ಇದೆ. ವಾಲ್ವ್ ನಡುವಿಗೆ ಬಂದ ತಕ್ಷಣ ಎ ಖಾಲಿಯಾಗಿ ಗುಂಡು ಸೀಟಿಗೆ ಕೂರಬೇಕು.

ಈಗ ಎರಡು ಪರೀಕ್ಷೆ. ಪಂಪ್ ಓಡುತ್ತಿರುವಾಗ ರಾಮ್ ಮೇಲೆತ್ತಿ, ಗೈಡ್ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆದು ಗಡಿಯಾರ ನೋಡಿದೆವು. ಹತ್ತು ನಿಮಿಷಕ್ಕೆ 20 ಮಿ.ಮೀ. ಜಾರಿತು. ಮತ್ತೆ ಮೇಲೆತ್ತಿ, ಈ ಸಲ ಮೋಟರ್ ಆಫ್ ಮಾಡಿದೆವು. ಮೊದಲ ಅರ್ಧ ನಿಮಿಷ ಒಂಚೂರು ಇಳಿಯಿತು, ಆಮೇಲೆ ನಿಂತೇಬಿಟ್ಟಿತು. ಹತ್ತು ನಿಮಿಷವಾದರೂ ಅಲ್ಲಾಡಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಪಿಸ್ಟನ್ ಸೀಲ್ ಹೋಗಿದ್ದರೆ, ಅಥವಾ ಚೆಕ್ ವಾಲ್ವಿನ ಸೀಟಿನಲ್ಲಿ ಕಸ ಕೂತಿದ್ದರೆ, ಪಂಪ್ ಓಡಲಿ ಬಿಡಲಿ, ಭಾರಕ್ಕೆ ರಾಮ್ ಇಳಿಯುತ್ತಲೇ ಇರಬೇಕಿತ್ತು. ಭೂಮಿ ಎಳೆಯುವುದನ್ನು ಮೋಟರ್ ಸ್ವಿಚ್ ನಿಲ್ಲಿಸುವುದಿಲ್ಲ. ಪಂಪ್ ನಿಂತಾಗ ಜಾರುವುದೂ ನಿಂತಿತು ಅಂದರೆ, ಪಂಪಿನ ಒತ್ತಡವೇ ಎಲ್ಲೋ ಒಳದಾರಿಯಿಂದ ಬಂದು ಗುಂಡನ್ನು ಎತ್ತುತ್ತಿದೆ. ಎರಡು ಸೀಲ್ ಕಿಟ್ಟಿನ ದುಡ್ಡು ಉಳಿಸಬಹುದಾಗಿದ್ದ ಪರೀಕ್ಷೆ ಇದು. ಒಂದು ಸ್ಪ್ಯಾನರೂ ಬೇಕಿಲ್ಲ.

ಎ ಲೈನಿನ ಟೆಸ್ಟ್ ಪಾಯಿಂಟಿಗೆ ಗೇಜ್ ಹಾಕಿದೆವು. ಪಂಪ್ ಓಡಿಸಿ, ವಾಲ್ವ್ ನಡುವಿನಲ್ಲಿ ಇಟ್ಟು ನೋಡಿದರೆ 30 ಬಾರ್ ತೋರಿಸಿತು. ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಇರಬೇಕಿತ್ತು.

ಕೊನೆಗೆ ಬಟ್ಟೆಯಿಂದ ವಾಲ್ವಿನ ನೇಮ್‌ಪ್ಲೇಟ್ ಒರೆಸಿದೆವು. ನೇಮ್‌ಪ್ಲೇಟ್ ಮೇಲೂ ಚಿಹ್ನೆ ಅಚ್ಚಾಗಿರುತ್ತದೆ, ಸಣ್ಣದಾಗಿ. ಅದರ ನಡುಮನೆಯಲ್ಲಿ ನಾಲ್ಕು ಅಡ್ಡಗೆರೆ. ಕ್ಲೋಸ್ಡ್ ಸೆಂಟರ್. ಡ್ರಾಯಿಂಗ್‌ನಲ್ಲಿ ಫ್ಲೋಟ್, ಮೆಷಿನ್ ಮೇಲೆ ಕ್ಲೋಸ್ಡ್. ಎರಡು ತಿಂಗಳ ಹಿಂದೆ ಕಾಯಿಲ್ ಸುಟ್ಟಿತ್ತಂತೆ. ರಾತ್ರಿ ಶಿಫ್ಟಿನಲ್ಲಿ ಸ್ಟೋರಿನಿಂದ ಒಂದು ವಾಲ್ವ್ ತಂದು ಹಾಕಿದ್ದರು. ಅಳತೆ ಸರಿ ಇತ್ತು, ವೋಲ್ಟೇಜ್ ಸರಿ ಇತ್ತು. ಕೋಡಿನಲ್ಲಿ 4 ಇರಬೇಕಾದ ಕಡೆ 2 ಇತ್ತು, ಅಷ್ಟೇ.

ಬಂದ್ ಅಂತ ಬರೆದ ಮೇಲೆ 30 ಬಾರ್ ಹೇಗೆ ಬಂತು? ಈ ವಾಲ್ವಿನೊಳಗೆ ಸರಿದು ದಾರಿ ತೆರೆಯುವ, ಮುಚ್ಚುವ ದುಂಡು ಕಡ್ಡಿಗೆ ಸ್ಪೂಲ್ ಅನ್ನುತ್ತಾರೆ. ಸ್ಪೂಲ್ ವಾಲ್ವಿನಲ್ಲಿ ಬಂದ್ ಅಂದರೆ ಪೂರ್ತಿ ಬಂದ್ ಅಲ್ಲ. ಸ್ಪೂಲು ತೂತಿನೊಳಗೆ ಓಡಾಡಬೇಕಾದರೆ ಕೂದಲಿಗಿಂತ ಸಣ್ಣ ಸಂದು ಬೇಕೇ ಬೇಕು. ಪಿ ಯಲ್ಲಿ 140 ಬಾರ್ ನಿಂತಿದೆ. ಆ ಸಂದಿನಿಂದ ಎ ಕಡೆಗೂ ಬಿ ಕಡೆಗೂ ಎಣ್ಣೆ ಜಿನುಗುತ್ತದೆ. ಅಲ್ಲಿಂದ ಟಿ ಗೂ ಜಿನುಗುತ್ತದೆ. ಎರಡರ ನಡುವೆ ಎ ಯಲ್ಲಿ ಒಂದು ಒತ್ತಡ ನಿಲ್ಲುತ್ತದೆ. ಫ್ಲೋಟ್ ಸೆಂಟರಿನಲ್ಲಾದರೆ ಜಿನುಗಿದ್ದು ತೆರೆದ ದಾರಿಯಲ್ಲಿ ಟ್ಯಾಂಕಿಗೆ ಹೋಗಿಬಿಡುತ್ತದೆ. ಕ್ಲೋಸ್ಡ್‌ನಲ್ಲಿ ಹೋಗಲು ತೆರೆದ ದಾರಿಯಿಲ್ಲ. ಆ 30 ಬಾರ್ ಗುಂಡನ್ನು ಎತ್ತಿ ಹಿಡಿಯುತ್ತದೆ, ಮೇಲಿನಿಂದ ಪಿಸ್ಟನ್ನನ್ನೂ ತಳ್ಳುತ್ತದೆ. ರಾಡ್ ಕಡೆಯ ಎಣ್ಣೆ ಅದೇ ಸಣ್ಣ ಸಂದಿನಿಂದ ಹೊರಗೆ ಹೋಗುತ್ತದೆ. ಲೆಕ್ಕ ಹಾಕಿದರೆ ನಿಮಿಷಕ್ಕೆ 25 ಸಿ.ಸಿ. ಆಸುಪಾಸು. ಒಂದು ಸಣ್ಣ ಕಾಫಿ ಲೋಟದ ಕಾಲು ಭಾಗ. ರಾಮ್ ಜಾರಲು ಅಷ್ಟು ಸಾಕು.

ವಾಲ್ವ್ ಕೆಟ್ಟಿರಲಿಲ್ಲ, ಸಿಲಿಂಡರೂ ಕೆಟ್ಟಿರಲಿಲ್ಲ. ಆ ಜಾಗದಲ್ಲಿ ಇರಬೇಕಾದ ವಾಲ್ವ್ ಅದಾಗಿರಲಿಲ್ಲ.

ಸರಿಯಾದ ವಾಲ್ವ್ ಹಾಕಿದ ಮೇಲೂ ಎ ಯಲ್ಲಿ ಒತ್ತಡ ಉಳಿದರೆ ಟಿ ಗೆರೆಯನ್ನು ಟ್ಯಾಂಕಿನ ತನಕ ಓದಿ. ದಾರಿಯಲ್ಲಿ ರಿಟರ್ನ್ ಫಿಲ್ಟರ್ ಇರುತ್ತದೆ. ಅದು ಕಟ್ಟಿಕೊಂಡಿದ್ದರೆ ಟಿ ಯಲ್ಲೇ ಒತ್ತಡ ನಿಂತು, ನಡುಮನೆಯ ಮೂಲಕ ಹಿಂದಕ್ಕೆ ಎ ಗೆ ಬರುತ್ತದೆ. ಚಿಹ್ನೆ ಓದುವುದನ್ನು ಒಂದು ವಾಲ್ವಿಗೆ ನಿಲ್ಲಿಸಬಾರದು ಅನ್ನುವುದು ಇದಕ್ಕೇ.

ನಡುಮನೆ ತಪ್ಪಿದರೆ ಬರುವ ಬೇರೆ ತೊಂದರೆಗಳು

ಎಣ್ಣೆ ವಿಪರೀತ ಬಿಸಿಯಾಗುತ್ತಿದೆ ಅನ್ನುವ ದೂರು ತುಂಬಾ ಬರುತ್ತದೆ. ಪಂಪು ಗೇರ್ ಪಂಪ್ ಥರದ್ದು, ಅಂದರೆ ಯಾವಾಗಲೂ ಒಂದೇ ಅಳತೆಯ ಎಣ್ಣೆ ಕೊಡುವಂಥದ್ದು, ಡ್ರಾಯಿಂಗ್‌ನಲ್ಲಿ ಟ್ಯಾಂಡೆಮ್ ಸೆಂಟರ್ ಇದೆ ಅಂದುಕೊಳ್ಳಿ. ಮೆಷಿನ್ ಸುಮ್ನೆ ನಿಂತಾಗ ಎಣ್ಣೆ ಪಿ-ಟಿ ದಾರಿಯಲ್ಲಿ ಆರಾಮಾಗಿ ಟ್ಯಾಂಕಿಗೆ ಹೋಗುತ್ತದೆ. ಅದರ ಜಾಗಕ್ಕೆ ಕ್ಲೋಸ್ಡ್ ಸೆಂಟರ್ ಹಾಕಿದರೆ ಆ ದಾರಿ ಮುಚ್ಚುತ್ತದೆ. ಪೂರ್ತಿ ಎಣ್ಣೆ ರಿಲೀಫ್ ವಾಲ್ವಿನ (ಒತ್ತಡ ಮೀರಿದಾಗ ಮಾತ್ರ ತೆರೆಯುವ ವಾಲ್ವಿನ) ಮೇಲೆ ಹಾಯಬೇಕು. ಬಾರ್ ಗುಣಿಸು ಲೀಟರ್, ಭಾಗಿಸು 600, ಇಷ್ಟು ಕಿಲೋವ್ಯಾಟ್. 140 ಬಾರ್, ನಿಮಿಷಕ್ಕೆ 20 ಲೀಟರ್ ಅಂದರೆ ಸುಮಾರು 4.7 ಕಿಲೋವ್ಯಾಟ್. ಮನೆಯ ಎರಡು ಗೀಸರ್‌ಗಿಂತ ಜಾಸ್ತಿ ಶಾಖ, ಮೆಷಿನ್ ಏನೂ ಕೆಲಸ ಮಾಡದೆ. ಕೂಲರ್ ದೊಡ್ಡದು ಹಾಕಿ ಅಂತ ಸಲಹೆ ಕೊಡುವ ಮೊದಲು ನೇಮ್‌ಪ್ಲೇಟ್ ನೋಡಿ.

ಉಲ್ಟಾ ಆದರೂ ತೊಂದರೆ. ಒಂದೇ ಪಂಪಿಗೆ ಎರಡು ವಾಲ್ವ್ ಪಕ್ಕಪಕ್ಕ ಕೂತಿವೆ. ಒಂದಕ್ಕೆ ತಪ್ಪಿ ಟ್ಯಾಂಡೆಮ್ ಹಾಕಿದರೆ, ಅದು ನಡುವಿನಲ್ಲಿ ಇದ್ದಷ್ಟು ಹೊತ್ತು ಪಿ ಯ ಎಣ್ಣೆಯೆಲ್ಲ ಟ್ಯಾಂಕಿಗೆ. ಇನ್ನೊಂದು ಸಿಲಿಂಡರಿಗೆ ಬಲವೇ ಬರುವುದಿಲ್ಲ. ಪಂಪ್ ಹೋಯಿತು ಅಂತ ಅಂದುಕೊಳ್ಳುತ್ತಾರೆ. ಪಂಪ್ ಸರಿಯಾಗೇ ಇರುತ್ತದೆ.

ಇನ್ನೊಂದು ಕಾಟ ದೊಡ್ಡ ವಾಲ್ವುಗಳದ್ದು. ಕಾಯಿಲ್ ಟಕ್ ಅನ್ನುತ್ತದೆ, ಸ್ಪೂಲ್ ಮಾತ್ರ ಸರಿಯುವುದಿಲ್ಲ. ಚಿಹ್ನೆಯಲ್ಲಿ ಕಾಯಿಲ್ ಪೆಟ್ಟಿಗೆಯ ಜೊತೆ ತ್ರಿಕೋನವೂ ಇದ್ದರೆ, ಕಾಯಿಲ್ ನೇರವಾಗಿ ಮುಖ್ಯ ಸ್ಪೂಲನ್ನು ತಳ್ಳುವುದಿಲ್ಲ. ಅದು ಸಣ್ಣ ಪೈಲಟ್ ತೆರೆಯುತ್ತದೆ, ಎಣ್ಣೆಯ ಒತ್ತಡ ಸ್ಪೂಲನ್ನು ತಳ್ಳುತ್ತದೆ. ಆ ಪೈಲಟ್ ಎಣ್ಣೆ ಒಳಗಿನ ಪಿ ಯಿಂದಲೇ ಬರುವಂತಿದ್ದು, ನಡುಮನೆ ಟ್ಯಾಂಡೆಮ್ ಆಗಿದ್ದರೆ ನಿಂತಾಗ ಪಿ ಯಲ್ಲಿ ಒತ್ತಡ ಎಲ್ಲಿಂದ ಬರಬೇಕು? ಅದಕ್ಕೇ ಡ್ರಾಯಿಂಗ್‌ನಲ್ಲಿ ಸ್ಪ್ರಿಂಗ್ ಇರುವ ಒಂದು ಚೆಕ್ ವಾಲ್ವ್ ಹಾಕಿರುತ್ತಾರೆ, 4-5 ಬಾರ್ ಹಿಡಿದಿಡಲು. ಅದನ್ನು ಬೇಡದ ಅಡ್ಡಿ ಅಂತ ತೆಗೆದು ನೇರ ಪೈಪ್ ಹಾಕಿದ್ದನ್ನು ನೋಡಿದ್ದೇನೆ. ಅಂಥ ಮೆಷಿನ್ ಆಮೇಲೆ ಸ್ಟಾರ್ಟೇ ಆಗುವುದಿಲ್ಲ.

ರಿಲೀಫ್ ಮತ್ತು ರೆಡ್ಯೂಸಿಂಗ್: ಒಂದೇ ಮನೆ, ಬೇರೆ ಬುದ್ಧಿ

ಒತ್ತಡದ ವಾಲ್ವುಗಳಿಗೆ ಒಂದೇ ಮನೆ, ಒಂದೇ ಬಾಣ. ಇಲ್ಲಿ ಎರಡು ಪ್ರಶ್ನೆ ಕೇಳಿ. ಬಾಣ ಪೋರ್ಟಿನ ನೇರಕ್ಕಿದೆಯಾ, ಪಕ್ಕಕ್ಕೆ ಸರಿದಿದೆಯಾ? ತುಂಡುಗೆರೆ ಒಳಬರುವ ಕಡೆಯಿಂದ ಬಂದಿದೆಯಾ, ಹೊರಹೋಗುವ ಕಡೆಯಿಂದಲಾ?

ಬಾಣ ಪಕ್ಕಕ್ಕೆ ಸರಿದು, ತುಂಡುಗೆರೆ ಒಳಬರುವ ಕಡೆಯಿಂದ ಬಂದಿದ್ದರೆ ರಿಲೀಫ್. ಸಾಮಾನ್ಯವಾಗಿ ಮುಚ್ಚಿರುತ್ತದೆ, ಒತ್ತಡ ಮೀರಿದರೆ ತೆರೆಯುತ್ತದೆ. ಬಾಣ ನೇರಕ್ಕಿದ್ದು, ತುಂಡುಗೆರೆ ಹೊರಹೋಗುವ ಕಡೆಯಿಂದ ಬಂದಿದ್ದರೆ ರೆಡ್ಯೂಸಿಂಗ್. ಸಾಮಾನ್ಯವಾಗಿ ತೆರೆದಿರುತ್ತದೆ, ಮುಂದಿನ ಒತ್ತಡ ಸೆಟ್ಟಿಂಗ್ ತಲುಪಿದರೆ ಮುಚ್ಚಿಕೊಳ್ಳುತ್ತದೆ. ಸೀಕ್ವೆನ್ಸ್ ವಾಲ್ವ್ ನೋಡಲು ರಿಲೀಫ್ ಥರವೇ. ಆದರೆ ಅದರ ಹೊರದಾರಿ ಟ್ಯಾಂಕಿಗಲ್ಲ, ಮುಂದಿನ ಕೆಲಸಕ್ಕೆ ಹೋಗುತ್ತದೆ.

ರೆಡ್ಯೂಸಿಂಗ್ ವಾಲ್ವಿನ ಸ್ಪ್ರಿಂಗ್ ಕಡೆಯಿಂದ ಟ್ಯಾಂಕಿಗೆ ಒಂದು ತುಂಡುಗೆರೆ ಇರುತ್ತದೆ. ಅದು ಡ್ರೈನ್. ಕ್ಲ್ಯಾಂಪ್ ಒತ್ತಡ ಸೆಟ್ಟಿಂಗ್ ಮೀರಿ ಏರುತ್ತಿದ್ದರೆ ಸ್ಕ್ರೂ ತಿರುಗಿಸುವ ಮೊದಲು ಆ ಡ್ರೈನ್ ಪೈಪ್ ನೋಡಿ. ಪ್ಲಗ್ ಹೊಡೆದಿರಬಹುದು, ಇಲ್ಲವೇ ಒತ್ತಡವಿರುವ ರಿಟರ್ನ್ ಲೈನಿಗೆ ಸೇರಿಸಿರಬಹುದು. ಡ್ರೈನಿನಲ್ಲಿ ನಿಂತ ಒತ್ತಡ ಸ್ಪ್ರಿಂಗಿನ ಜೊತೆ ಸೇರಿಕೊಳ್ಳುತ್ತದೆ. ಸೆಟ್ಟಿಂಗ್ ತಾನಾಗಿ ಅಷ್ಟು ಮೇಲೆ ಹೋಗುತ್ತದೆ.

ಗಾಳಿ ವಾಲ್ವುಗಳು

ನ್ಯೂಮ್ಯಾಟಿಕ್‌ನಲ್ಲಿ ಹೆಚ್ಚಾಗಿ ಸಿಗುವುದು 5/2. ಮೊದಲು ಎರಡು ತುದಿ ನೋಡಿ. ಒಂದು ಕಡೆ ಕಾಯಿಲ್, ಇನ್ನೊಂದು ಕಡೆ ಸ್ಪ್ರಿಂಗ್ ಇದ್ದರೆ ಕರೆಂಟ್ ಹೋದಾಗ ವಾಲ್ವ್ ವಾಪಸ್ ಬರುತ್ತದೆ. ಎರಡೂ ಕಡೆ ಕಾಯಿಲ್ ಇದ್ದು ಸ್ಪ್ರಿಂಗ್ ಇಲ್ಲದಿದ್ದರೆ ಕೊನೆಗೆ ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ.

ನಮ್ಮಲ್ಲಿ ಕರೆಂಟ್ ಹೋಗುವುದು ಹೊಸದಲ್ಲ, ಅಲ್ವಾ? ಪೀಸ್ ಹಿಡಿದಿಟ್ಟುಕೊಳ್ಳುವ ಕ್ಲ್ಯಾಂಪಿಗೆ ಎರಡು ಕಾಯಿಲಿನ ವಾಲ್ವ್ ಬರೆದಿರುವುದು ಇದಕ್ಕೇ. ಟ್ಯಾಂಕಿನಲ್ಲಿ ಗಾಳಿ ಇರುವ ತನಕ ಹಿಡಿತ ಬಿಡಬಾರದು. ಅದರ ಬದಲು ಸ್ಪ್ರಿಂಗ್ ವಾಲ್ವ್ ಹಾಕಿದರೆ ಎರಡು ಲಕ್ಷಣ ಕಾಣುತ್ತದೆ. ಪ್ರೋಗ್ರಾಮ್ ಅರ್ಧ ಸೆಕೆಂಡಿನ ಪಲ್ಸ್ ಕೊಡುತ್ತಿದ್ದರೆ ಕ್ಲ್ಯಾಂಪ್ ಹಿಡಿದ ತಕ್ಷಣ ಬಿಡುತ್ತದೆ. ಪಲ್ಸ್ ಅಲ್ಲದೆ ಸದಾ ಸಿಗ್ನಲ್ ಇದ್ದರೆ ಎಲ್ಲ ಸರಿಯಾಗಿ ಓಡುತ್ತದೆ, ಕರೆಂಟ್ ಹೋದ ಕ್ಷಣ ಪೀಸ್ ಬೀಳುತ್ತದೆ. ಎರಡನೆಯದು ಜಾಸ್ತಿ ಅಪಾಯ. ಅನಾಹುತ ಆಗುವ ತನಕ ಗೊತ್ತೇ ಆಗುವುದಿಲ್ಲ.

ಎಕ್ಸಾಸ್ಟಿನಿಂದ ಸದಾ ಬುಸ್ ಅಂತ ಗಾಳಿ ಹೋಗುತ್ತಿದ್ದರೆ ವಾಲ್ವಾ, ಸಿಲಿಂಡರಾ ಅನ್ನುವುದನ್ನು ಚಿಹ್ನೆ ಹಿಡಿದು ಎರಡು ನಿಮಿಷದಲ್ಲಿ ಹೇಳಬಹುದು. ವಾಲ್ವ್ ನಿಂತಾಗ 1 ಕೂಡಿರುವುದು 2 ಕ್ಕೆ, 4 ಕೂಡಿರುವುದು 5 ಕ್ಕೆ, 3 ಬಂದ್. ಗಾಳಿ 5 ರಿಂದ ಬರುತ್ತಿದೆ ಅಂದುಕೊಳ್ಳಿ. ಅದು ಪಿಸ್ಟನ್ ಸೀಲ್ ದಾಟಿ 4 ರ ಟ್ಯೂಬಿನಿಂದ ಬರುತ್ತಿರಬೇಕು, ಇಲ್ಲವೇ ವಾಲ್ವಿನ ಒಳಗೇ 1 ರಿಂದ ನುಸುಳುತ್ತಿರಬೇಕು. ಸಿಲಿಂಡರಿನ ಭಾರ ಆಸರೆಯ ಮೇಲಿದೆ, ಪೂರ್ತಿ ಒಳಗೆ ಬಂದಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಸಪ್ಲೈ ಬಂದ್ ಮಾಡಿ 4 ರ ಟ್ಯೂಬನ್ನು ವಾಲ್ವಿನ ಕಡೆಯಿಂದ ತೆಗೆಯಿರಿ, ಕಣ್ಣಿಗೆ ಕನ್ನಡಕ ಹಾಕಿ, ಸಪ್ಲೈ ನಿಧಾನ ತೆರೆಯಿರಿ. ಬಿಚ್ಚಿದ ಟ್ಯೂಬಿನಿಂದ ಗಾಳಿ ಬಂದರೆ ಸಿಲಿಂಡರಿನ ಸೀಲ್. ಟ್ಯೂಬ್ ಸುಮ್ಮನಿದ್ದು ವಾಲ್ವಿನಿಂದಲೇ ಗಾಳಿ ಬಂದರೆ ವಾಲ್ವ್.

5/3 ನಲ್ಲಿ ಮತ್ತೆ ನಡುಮನೆಯ ಪ್ರಶ್ನೆ. ಎಲ್ಲ ಬಂದ್, ಎರಡೂ ಕಡೆ ಗಾಳಿ ಹೊರಗೆ, ಎರಡೂ ಕಡೆ ಒತ್ತಡ, ಹೀಗೆ ಮೂರು ಬಗೆ. ಎರಡೂ ಕಡೆ ಒತ್ತಡ ಕೊಡುವುದನ್ನು ಒಂದೇ ರಾಡಿನ ಸಿಲಿಂಡರಿಗೆ ಹಾಕಿದರೆ ರಾಡ್ ಮೆಲ್ಲಗೆ ಹೊರಗೆ ಬರುತ್ತದೆ. ರಾಡ್ ಇಲ್ಲದ ಕಡೆ ಪಿಸ್ಟನ್ನಿನ ಮೇಲೆ ಗಾಳಿ ಒತ್ತುವ ಜಾಗ ಜಾಸ್ತಿ, ಅದಕ್ಕೆ.

ಸಿಲಿಂಡರ್ ಎಗರಿ ಎಗರಿ ಹೋಗುತ್ತಿದ್ದರೆ ಫ್ಲೋ ಕಂಟ್ರೋಲ್ ವಾಲ್ವ್ ತಿರುಗುಮುರುಗು ಕೂತಿದೆಯಾ ನೋಡಿ. ಅದರ ಚಿಹ್ನೆಯಲ್ಲಿ ಒಂದು ಕಡೆ ಇಕ್ಕಟ್ಟಾದ ದಾರಿ, ಪಕ್ಕದಲ್ಲಿ ಗುಂಡು. ಗಾಳಿ ಗುಂಡನ್ನು ಸೀಟಿಗೆ ಒತ್ತುವ ದಿಕ್ಕಿನಲ್ಲಿ ಇಕ್ಕಟ್ಟಿನ ದಾರಿಯಲ್ಲೇ ಹೋಗಬೇಕು. ಸಾಮಾನ್ಯವಾಗಿ ಸಿಲಿಂಡರಿನಿಂದ ಹೊರಬರುವ ಗಾಳಿಯನ್ನು ಹಿಡಿಯುವ ಹಾಗೆ ಬರೆದಿರುತ್ತಾರೆ. ಆ ಚಿಹ್ನೆ ವಾಲ್ವಿನ ಮೈಮೇಲೂ ಅಚ್ಚಾಗಿರುತ್ತದೆ.

ಒಂದು ಬಲೆ ಹೇಳದೆ ಬಿಡುವಂತಿಲ್ಲ. ರೋಲರ್ ವಾಲ್ವನ್ನು ಸಿಲಿಂಡರೇ ಶುರುವಿನಲ್ಲಿ ಒತ್ತಿಕೊಂಡಿದ್ದರೆ, ಡ್ರಾಯಿಂಗ್‌ನಲ್ಲಿ ಅದನ್ನು ಒತ್ತಿದ ಸ್ಥಿತಿಯಲ್ಲೇ ಬರೆಯುತ್ತಾರೆ. ರೋಲರ್ ಕೆಳಗೆ ಕ್ಯಾಮ್ ಗುರುತು ಇರುತ್ತದೆ, ಗೆರೆಗಳು ಸ್ಪ್ರಿಂಗ್ ಪಕ್ಕದ ಮನೆಗಲ್ಲ, ರೋಲರ್ ಪಕ್ಕದ ಮನೆಗೆ ತಾಗಿರುತ್ತವೆ. ಅದನ್ನು ಗಮನಿಸದೆ ಓದಿದರೆ ಇಡೀ ಸರ್ಕ್ಯೂಟ್ ಉಲ್ಟಾ ಅರ್ಥವಾಗುತ್ತದೆ.

ಪ್ರೆಸ್ಸಿಗೆ 3ಸಿ4 ವಾಲ್ವ್ ಮಾರನೇ ದಿನ ಮಧ್ಯಾಹ್ನ ಬಂತು. ರಾಮನ್ನು ಬ್ಲಾಕಿನ ಮೇಲೆ ಇಳಿಸಿ, ಮೋಟರ್ ಆಫ್ ಮಾಡಿ, ಒತ್ತಡ ಬಿಟ್ಟು, ಗೇಜ್ ಸೊನ್ನೆಗೆ ಬಂದ ಮೇಲೆ ನಾಲ್ಕು ಬೋಲ್ಟ್ ಬಿಚ್ಚಿದೆವು. ಹೊಸ ಓ-ರಿಂಗ್ ಕೂರಿಸಿ, ಬೋಲ್ಟುಗಳನ್ನು ಮೂಲೆಯಿಂದ ಮೂಲೆಗೆ ಸಮನಾಗಿ ಬಿಗಿದೆವು. ಪಂಪ್ ಹಾಕಿ ರಾಮ್ ಮೇಲೆತ್ತಿ ನಿಲ್ಲಿಸಿದಾಗ ಎ ಗೇಜಿನ ಮುಳ್ಳು ಕೆಳಗೆ ಬಿದ್ದು ಅಲ್ಲೇ ಮಲಗಿತು. ಹುಡುಗ ಚಾಕ್‌ಪೀಸಿನಿಂದ ಹೊಸ ಗೆರೆ ಎಳೆದ. ಸಂಜೆ ಶಿಫ್ಟ್ ಮುಗಿಯುವ ತನಕ ಊಟಕ್ಕೆ, ಟೀಗೆ ನಿಲ್ಲಿಸಿದಾಗಲೆಲ್ಲ ಹೋಗಿ ನೋಡಿ ಬಂದ. ಗೆರೆ ಗೆರೆಯ ಮೇಲೇ ಇತ್ತು. ಹಳೆಯ ವಾಲ್ವಿಗೆ ಟೇಪ್ ಸುತ್ತಿ ಅದರ ಮೇಲೆ ಪೆನ್ನಿನಲ್ಲಿ ಮೂರು ಮನೆಯ ಚಿಹ್ನೆ ಬರೆದ. ನಡುಮನೆಗೆ ನಾಲ್ಕು ಅಡ್ಡಗೆರೆ ಹಾಕಿ, ಸ್ಟೋರಿನಲ್ಲಿ ಬೇರೆ ಡಬ್ಬಿಗೆ ಇಟ್ಟು ಬಂದ.